ಇನ್ನೊಮ್ಮೆ ಎಂದವರಿಗೆ

ಜರ್ಮನಿಯ ಟ್ಯೂಬಿಂಗೆನ್‌ನಿಂದ ಮರಳಿ ಬಂದು ಹತ್ತು ದಿನಗಳಾದವು. ಪೆಟ್ಟಿಗೆಯನ್ನು ಇನ್ನೂ ಪೂರ್ತಿ ಬಿಚ್ಚಿಲ್ಲ, ಆದರೆ ಈ ಕೃತಜ್ಞತೆಯನ್ನು ಬರೆಯದೆ ಮನಸ್ಸು ನಿಲ್ಲುತ್ತಿಲ್ಲ. ಹಾವೇರಿ ಜಿಲ್ಲೆಯ ಹಳ್ಳಿಯಿಂದ ಬಂದ, ಎಂಎಸ್ಸಿ ಸಸ್ಯಶಾಸ್ತ್ರ ಓದುತ್ತಿರುವ ನನಗೆ ವಿನಿಮಯ ಯೋಜನೆಯಡಿ ಅಲ್ಲಿ ಒಂದು ಸೆಮಿಸ್ಟರ್ ಓದುವ ಅವಕಾಶ ಸಿಕ್ಕಿತ್ತು.

ಮೊದಲ ನಮಸ್ಕಾರ ಅಲ್ಲಿನ ಪ್ರಯೋಗಾಲಯದ ಹಿರಿಯ ತಂತ್ರಜ್ಞೆಗೆ. ಇಲ್ಲಿ ದ್ರವವನ್ನು ಹನಿಲೆಕ್ಕದಲ್ಲಿ ಅಳೆದು ಹಾಕುವ ಒಂದು ಪಿಪೆಟ್ಟಿನ ಸುತ್ತ ಹತ್ತು ಜನ ನಿಂತು ಕಲಿತವಳು ನಾನು. ಅಲ್ಲಿ ಹೋದ ದಿನವೇ ನನ್ನ ಹೆಸರು ಬರೆದ ಪಟ್ಟಿ ಅಂಟಿಸಿ ನಾಲ್ಕು ಪಿಪೆಟ್ಟುಗಳನ್ನು ಕೈಗಿತ್ತರು. ಎಲೆಯಿಂದ ಡಿಎನ್‌ಎ ತೆಗೆದು ಪಿಸಿಆರ್, ಅಂದರೆ ಅದರ ಒಂದು ತುಣುಕನ್ನು ಲಕ್ಷಾಂತರ ಪಟ್ಟು ನಕಲು ಮಾಡುವ ಕೆಲಸ, ಮಾಡಬೇಕಿತ್ತು. ಮೂರು ವಾರ ಏನೂ ಬರಲಿಲ್ಲ. ಡಿಎನ್‌ಎ ತುಣುಕುಗಳನ್ನು ಗೆರೆಗಳಾಗಿ ತೋರಿಸುವ ಜೆಲ್ ಮೇಲೆ, ಹೋಲಿಕೆಗೆ ಹಾಕಿದ ಅಳತೆಯ ಗೆರೆಗಳು ಮಾತ್ರ ಹೊಳೆಯುತ್ತಿದ್ದವು, ನನ್ನ ಸಾಲು ಖಾಲಿ. ಪ್ರತಿ ಸಲವೂ ಅವರು ಹೇಳುತ್ತಿದ್ದುದು ಒಂದೇ ಮಾತು: "ನೋಖ್‌ಮಾಲ್." ಇನ್ನೊಮ್ಮೆ ಎಂದರ್ಥ. ಆ ದನಿಯಲ್ಲಿ ಬೇಸರ ಇರಲೇ ಇಲ್ಲ.

ಒಂದು ಸಂಜೆ ಅವರು ನನ್ನ ಪಕ್ಕದಲ್ಲೇ ಕುಳಿತು ನೋಡಿದರು. ನಾನು ಹಾಕಿದ ಡಿಎನ್‌ಎ ಜೆಲ್‌ನ ಗುಳಿಯಲ್ಲಿ ಇಳಿಯದೆ ಮೇಲಕ್ಕೆ ತೇಲಿ ಹೋಯಿತು. ಅವರಿಗೆ ಕಾರಣ ತಕ್ಷಣ ಹೊಳೆಯಿತು. ಕೊನೆಯಲ್ಲಿ ಡಿಎನ್‌ಎ ತೊಳೆಯಲು ಬಳಸಿದ ಎಥನಾಲ್ ಆರುವ ಮೊದಲೇ ನಾನು ಅವಸರದಲ್ಲಿ ನೀರು ಸೇರಿಸುತ್ತಿದ್ದೆ. ಉಳಿದ ಎಥನಾಲ್ ಪಿಸಿಆರ್ ಅನ್ನೂ ಕೆಡಿಸುತ್ತಿತ್ತು. ಅವರು ನಳಿಕೆಯನ್ನು ಕಾಗದದ ಮೇಲೆ ಬೋರಲು ಹಾಕಿ, ಗಡಿಯಾರ ತೋರಿಸಿ, ನನಗೆ ಚಹಾ ತಂದುಕೊಟ್ಟರು. ಮರುದಿನ ನನ್ನ ಸಾಲಿನಲ್ಲಿ ಗೆರೆ ಮೂಡಿದಾಗ ನಾನು ಅತ್ತೆ. ಅವರು ಏನೂ ಅನ್ನದೆ ಭುಜ ಹಿಡಿದು ನಿಂತರು.

ಆ ಶನಿವಾರ ಅವರೇ ನನ್ನನ್ನು ಊರಿನ ಕೋಟೆಗೆ ಕರೆದೊಯ್ದರು. 1869ರಲ್ಲಿ ಫ್ರೆಡ್ರಿಕ್ ಮೀಶರ್ ಅಲ್ಲಿ, ಹಿಂದೆ ಅಡುಗೆಮನೆಯಾಗಿದ್ದ ಪ್ರಯೋಗಾಲಯದಲ್ಲಿ, ಆಸ್ಪತ್ರೆಯ ಗಾಯದ ಪಟ್ಟಿಗಳಲ್ಲಿನ ಕೀವಿನಿಂದ 'ನ್ಯೂಕ್ಲೀನ್' ತೆಗೆದಿದ್ದರು. ಅದನ್ನೇ ನಾವು ಇಂದು ಡಿಎನ್‌ಎ ಎನ್ನುತ್ತೇವೆ. ಆ ಕಮಾನುಗಳ ಕೆಳಗೆ ನಿಂತಾಗ ನನ್ನ ಮೂರು ವಾರಗಳ ಒದ್ದಾಟಕ್ಕೆ ಒಂದು ಮನೆತನ ಸಿಕ್ಕಂತಾಯಿತು.

ಡಿಸೆಂಬರ್ ಕಷ್ಟದ್ದು. ನಾಲ್ಕೂವರೆಗೇ ಕತ್ತಲು, ಕನ್ನಡದ ಒಂದು ಶಬ್ದವೂ ಕಿವಿಗೆ ಬೀಳದ ದಿನಗಳು. ಕನ್ನಡ ನಿಘಂಟಿನ ಕಿಟ್ಟೆಲ್ 1903ರ ಡಿಸೆಂಬರಿನಲ್ಲಿ ಕಣ್ಣು ಮುಚ್ಚಿದ್ದು ಇದೇ ಊರಿನಲ್ಲಿ. ಅದು ನೆನಪಾದಾಗಲೆಲ್ಲ ಆ ಬೀದಿಗಳು ತುಸು ನಮ್ಮವಾಗುತ್ತಿದ್ದವು. ವಸತಿಗೃಹದ ಗೆಳತಿಯರಿಗೂ ನಾನು ಋಣಿ. ಜ್ವರ ಬಂದ ನಾಲ್ಕು ದಿನ ಬಾಗಿಲ ಬಳಿ ಬಿಸಿ ಸೂಪ್ ಇಟ್ಟು ಹೋದವರು ಅವರು.

ಅರ್ಜಿಯನ್ನು ಏಳು ಸಲ ತಿದ್ದಿಕೊಟ್ಟ ನಮ್ಮ ಮೇಡಂ ಅವರಿಗೆ ನಮಸ್ಕಾರ. ಶೇಂಗಾ ಚಟ್ನಿ ಕಟ್ಟಿಕೊಟ್ಟು, ದೂರವಾಣಿಯಲ್ಲಿ ಒಮ್ಮೆಯೂ ತನ್ನ ಮಂಡಿನೋವು ಹೇಳದ ಅವ್ವನಿಗೆ ಏನು ಹೇಳಲಿ.

ಇನ್ನು ಕಾಕಾ. ಕಲಿಕೆಯ ಶುಲ್ಕಕ್ಕೆ ವಿನಾಯಿತಿ ಇದ್ದರೂ ವಾಸದ ಖರ್ಚು ನಮ್ಮದೇ. ವೀಸಾಕ್ಕಾಗಿ ತಿಂಗಳಿಗೆ 992 ಯೂರೋದಂತೆ ಆರು ತಿಂಗಳ 5,952 ಯೂರೋ ಮೊದಲೇ ಖಾತೆಯಲ್ಲಿ ಇಡಬೇಕಿತ್ತು. ನೀವು ಯಾರಿಗೂ ಹೇಳದೆ ಠೇವಣಿ ಮುರಿಸಿ ತಂದಿರಿ, ಯಾಕೆ ಹೋಗುತ್ತೀ ಎಂದು ಕೇಳಲಿಲ್ಲ. ಒಂದೊಂದು ಯೂರೋ ಎಲ್ಲಿ ಹೋಯಿತೆಂದು ಬರೆದಿಟ್ಟ ಲೆಕ್ಕದ ವಹಿ ನನ್ನ ಚೀಲದಲ್ಲಿದೆ. ಈ ಭಾನುವಾರ ಊರಿಗೆ ಬರುತ್ತಿದ್ದೇನೆ, ಮೊದಲು ನಿಮ್ಮ ಮನೆಗೇ.