ಹೊಸದಾಗಿ ಆಡು ಕಟ್ಟಿದ ಗೆಳೆಯನಿಗೆ

ಪ್ರೀತಿಯ ಸುರೇಶ,

ಎರಡು ಮಲಬಾರಿ ಆಡು ತಂದಿದ್ದೀಯ ಎಂದು ತಿಳಿದು ತುಂಬಾ ಖುಷಿಯಾಯಿತು. ಪಕ್ಕದ ಕೇರಳದ ತಳಿ, ನಮ್ಮ ಹವೆಗೆ ಒಗ್ಗುತ್ತದೆ. ಅವಳಿ ಮರಿ ಹಾಕುವುದೂ ಜಾಸ್ತಿ. ಏನು ತಿನ್ನಿಸಲಿ ಎಂದು ಕೇಳಿದ್ದೀಯ. ಅದಕ್ಕೂ ಮೊದಲು ಎಲ್ಲಿ ಮಲಗಿಸುತ್ತೀಯ ಹೇಳು. ಮಡಿಕೇರಿ ಸುತ್ತ ಸೊಪ್ಪಿಗೆ ಬರವಿಲ್ಲ. ಆಡಿಗೆ ಕಂಟಕ ಆಗುವುದು ಒದ್ದೆ.

ಜೂನ್ ಮಳೆ ಹಿಡಿಯುವ ಮೊದಲೇ ನೆಲದಿಂದ 3-4 ಅಡಿ ಎತ್ತರಕ್ಕೆ ರೀಪಿನ ಅಟ್ಟ ಮಾಡಿಸು. ರೀಪುಗಳ ನಡುವೆ ಒಂದೂವರೆ ಸೆಂಟಿಮೀಟರ್ ಸಂದು ಸಾಕು. ಹಿಕ್ಕೆ ಕೆಳಗೆ ಬೀಳಬೇಕು, ಗೊರಸು ಸಿಕ್ಕಿಕೊಳ್ಳಬಾರದು. ಒಂದು ಆಡಿಗೆ 10-12 ಚದರ ಅಡಿ ಜಾಗ ಬೇಕು. ಇರಚಲು ಬರುವ ಕಡೆ ತಡಿಕೆ ಕಟ್ಟು, ಆದರೆ ನಾಲ್ಕೂ ಕಡೆ ಮುಚ್ಚಬೇಡ. ಮೂತ್ರದ ಘಾಟು ಒಳಗೇ ನಿಂತರೆ ಕೆಮ್ಮು ಶುರುವಾಗುತ್ತದೆ, ಆಮೇಲೆ ನ್ಯುಮೋನಿಯಾ.

ಮೇವಿನಲ್ಲಿ ಹಲಸಿನ ಸೊಪ್ಪು ಅವಕ್ಕೆ ಪ್ರಾಣ. ತೋಟದಲ್ಲಿ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವಾಗ, ಹಾಲುವಾಣದ ಸೊಪ್ಪು ರಾಶಿ ಬೀಳುತ್ತದಲ್ಲ, ಅದೂ ಒಳ್ಳೆಯದು. ಒಂದು ಎಚ್ಚರ ಮಾತ್ರ ಬೇಕೇ ಬೇಕು. ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆದ ಮರದ ಸೊಪ್ಪನ್ನು ಕೊಡಲೇಬೇಡ. ಅದರಲ್ಲಿ ಮೈಲುತುತ್ತು ಇರುತ್ತದೆ, ಹೊಟ್ಟೆಗೆ ಹೋದರೆ ವಿಷ. ಸ್ಪ್ರೇಗೆ ಮೊದಲೇ ಸೊಪ್ಪು ಕಡಿದು, ಒಂದಷ್ಟನ್ನು ಒಣಗಿಸಿ ಕಟ್ಟಿಡು. ಜುಲೈ-ಆಗಸ್ಟ್‌ನ ಕಕ್ಕಡದ ಜಡಿಮಳೆಯಲ್ಲಿ ನೀನೇ ನನ್ನ ಮಾತು ನೆನಪಿಸಿಕೊಳ್ಳುತ್ತೀಯ.

30 ಕಿಲೋ ತೂಗುವ ಆಡಿಗೆ ದಿನಕ್ಕೆ 3-4 ಕಿಲೋ ಹಸಿ ಸೊಪ್ಪು, 150-200 ಗ್ರಾಂ ಹಿಂಡಿ-ಬೂಸಾ, ಸ್ವಲ್ಪ ಉಪ್ಪು ಸಾಕು. ಮಳೆಯಲ್ಲಿ ಕಡಿದ ಸೊಪ್ಪನ್ನು ಹಿಂದಿನ ದಿನವೇ ತಂದು ಸೂರಿನಡಿ ನೇತುಹಾಕಿ ನೀರಾರಲು ಬಿಡು. ಕೊಡುವಾಗಲೂ ಕಟ್ಟು ಕಟ್ಟಿ ತಲೆಯ ಮಟ್ಟಕ್ಕೆ ತೂಗುಹಾಕು. ನೆಲಕ್ಕೆ ಬಿದ್ದು ತುಳಿದ ಎಲೆಯನ್ನು ಆಡು ಮೂಸಿಯೂ ನೋಡುವುದಿಲ್ಲ. ಮಳೆಗಾಲದಲ್ಲೂ ಕುಡಿಯಲು ಶುದ್ಧ ನೀರು ಇಡಬೇಕು.

ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಇದೆ. ಹಾಗೆಂದು ಲಾಂಟಾನ ಇರುವ ಬೇಲಿ ಪಕ್ಕ ಹಸಿದ ಆಡನ್ನು ಕಟ್ಟಬೇಡ. ತಿಂದರೆ ಪಿತ್ತಜನಕಾಂಗ ಕೆಟ್ಟು ಕಾಮಾಲೆ ಬರುತ್ತದೆ. ಇನ್ನೊಂದು ಮಾತು. ಹುತ್ತರಿಗೋ ಮದುವೆಗೋ ಉಳಿದ ಅನ್ನವನ್ನು ಪ್ರೀತಿಯಿಂದ ಸುರಿಯುವವರು ಮನೆಯಲ್ಲಿ ಇದ್ದೇ ಇರುತ್ತಾರೆ. ದಯವಿಟ್ಟು ತಡೆ. ಒಮ್ಮೆಗೇ ಅಷ್ಟು ಅನ್ನ ತಿಂದರೆ ಹೊಟ್ಟೆಯಲ್ಲಿ ಹುಳಿ ಏರಿ ಒಂದೆರಡು ದಿನದಲ್ಲೇ ಸಾಯಬಹುದು. ಅಕ್ಕಿ, ಜೋಳದ ಕಾಳೂ ಅಷ್ಟೇ. ಯಾವ ಹೊಸ ಮೇವನ್ನಾದರೂ ವಾರವಿಡೀ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸು.

ಆಗಾಗ ಕೆಳಗಿನ ಕಣ್ಣರೆಪ್ಪೆಯನ್ನು ಎಳೆದು ನೋಡುತ್ತಿರು. ಒಳಗೆ ಕೆಂಪಗಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ರಕ್ತ ಹೀರುವ ಜಂತು ಸೇರಿರಬಹುದು, ಕೂಡಲೇ ಪಶು ಆಸ್ಪತ್ರೆಗೆ ಹೋಗು. ಗೊರಸು ಬೆಳೆದರೆ ಕತ್ತರಿಸಬೇಕು, ಅದನ್ನು ಬಂದಾಗ ತೋರಿಸುತ್ತೇನೆ.

ಈ ತಿಂಗಳಲ್ಲೇ ಕರುಳುಬೇನೆಯ ಲಸಿಕೆ ಮತ್ತು ಪಿಪಿಆರ್ ಎಂಬ ವೈರಸ್ ರೋಗದ ಲಸಿಕೆ ಹಾಕಿಸು. ಪಿಪಿಆರ್ ಒಮ್ಮೆ ಹಾಕಿಸಿದರೆ ಸುಮಾರು 3 ವರ್ಷ ಕಾಯುತ್ತದೆ. ಕರುಳುಬೇನೆಯದ್ದು ಪ್ರತಿ ವರ್ಷ ಮಳೆಗೆ ಮೊದಲು ಬೇಕು. ಆಡು ಗಬ್ಬವಾಗಿದೆ ಅಂತ ಅನುಮಾನ ಇದ್ದರೆ ವೈದ್ಯರಿಗೆ ಮೊದಲೇ ಹೇಳು, ಕೆಲವು ಜಂತಿನ ಔಷಧಿಗಳನ್ನು ಗಬ್ಬದ ಶುರುವಿನಲ್ಲಿ ಕೊಡುವಂತಿಲ್ಲ.

ಇಂತಿ ನಿನ್ನ,
ರವಿ