ಅಡ್ವಾನ್ಸ್ಡ್ ಕೋರ್ಸ್ ಇನ್ನು ಶನಿವಾರ–ಭಾನುವಾರಕ್ಕೆ ಮುಗಿಯುವುದಿಲ್ಲ

ನಮ್ಮಲ್ಲಿ ಸ್ಕೂಬಾ ಡೈವಿಂಗಿನ ಮೊದಲ ಕೋರ್ಸಾದ ಓಪನ್ ವಾಟರ್ ಮುಗಿಸಿದ ಎಲ್ಲರಿಗೂ ನಮಸ್ಕಾರ.

ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ನೇತ್ರಾಣಿ ದ್ವೀಪಕ್ಕೆ ಬೋಟ್ ಮತ್ತೆ ಹೊರಡುವಾಗ ಮುಂದಿನ ಹಂತವಾದ ಅಡ್ವಾನ್ಸ್ಡ್ ಕೋರ್ಸಿನ ವೇಳಾಪಟ್ಟಿ ಬದಲಾಗಿರುತ್ತದೆ. ಎರಡು ದಿನದ ವಾರಾಂತ್ಯದ ಬ್ಯಾಚ್ ನಿಲ್ಲಿಸಿದ್ದೇವೆ. ಗುರುವಾರ ಬೆಳಿಗ್ಗೆ ಮುರುಡೇಶ್ವರದಲ್ಲಿ ಶುರು, ಶನಿವಾರ ಮಧ್ಯಾಹ್ನದೊಳಗೆ ಐದನೆಯ ಹಾಗೂ ಕೊನೆಯ ಡೈವ್, ಭಾನುವಾರ ತಿಂಡಿ ಮುಗಿಸಿ ಊರಿಗೆ. ಎರಡು ದಿನ ರಜೆ ಹಾಕಬೇಕಾಗುತ್ತದೆ, ಶುಲ್ಕವೂ ಏರಿದೆ. ಯಾಕೆ ಎಂದು ಕೇಳಿಯೇ ಕೇಳುತ್ತೀರಿ.

ಮೊದಲ ಕಾರಣ ಘಟ್ಟ. ಡೈವ್ ಮಾಡಿ ವಿಮಾನ ಹತ್ತಬಾರದು ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ರಾತ್ರಿ ಬಸ್ಸು ಹತ್ತಿ ನಿದ್ದೆ ಹೋದವರೂ ಮೇಲಕ್ಕೇ ಏರುತ್ತಿರುತ್ತಾರೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ನೀರಿನಡಿ ಒತ್ತಡದಲ್ಲಿ ಉಸಿರಾಡಿದಾಗ ಮೈಯೊಳಗೆ ಕರಗಿದ ನೈಟ್ರೋಜನ್ ಹೊರಗೆ ಹೋಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟರೊಳಗೆ ಗಾಳಿಯ ಒತ್ತಡ ಕಡಿಮೆ ಇರುವಲ್ಲಿಗೆ ಹೋದರೆ ಅದು ಗುಳ್ಳೆ ಕಟ್ಟಬಹುದು. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಹಲವು ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕು ಎಂಬ, ಡೈವರ್‌ಗಳ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ ವಿಮಾನದೊಳಗಿನ ಸುಮಾರು 600ರಿಂದ 2,400 ಮೀಟರ್ ಎತ್ತರದ ಒತ್ತಡಕ್ಕೆ ಹೇಳಿದ್ದು. ಬೆಂಗಳೂರು ಇರುವುದೇ ಸುಮಾರು 900 ಮೀಟರ್ ಎತ್ತರದಲ್ಲಿ! ರೈಲಿನಲ್ಲಿ ಹೋದರೂ ಸಕಲೇಶಪುರ ಘಟ್ಟ ತಪ್ಪುವುದಿಲ್ಲ. ಭಾನುವಾರ ಮಧ್ಯಾಹ್ನ ಡೈವ್ ಮುಗಿಸಿದವರಿಗೆ ಸೋಮವಾರ ಬೆಳಿಗ್ಗೆ ಹೊರಡಿ ಎಂದು ಎಷ್ಟು ಹೇಳಿದರೂ, ಸೋಮವಾರ ಆಫೀಸಿದೆ ಎನ್ನುವವರನ್ನು ಕಟ್ಟಿಹಾಕಲಾಗುವುದಿಲ್ಲವಲ್ಲ. ಅದಕ್ಕೇ ಕೊನೆಯ ಡೈವನ್ನೇ ಒಂದು ದಿನ ಹಿಂದಕ್ಕೆ ತಂದೆವು. ನೈಟ್ರಾಕ್ಸ್ (ಆಮ್ಲಜನಕ ಹೆಚ್ಚು, ನೈಟ್ರೋಜನ್ ಕಡಿಮೆ ಇರುವ ಗಾಳಿ) ಬಳಸಿದರೆ ಬೇಗ ಹೊರಡಬಹುದೇ ಎಂದು ಕೆಲವರು ಕೇಳಿದ್ದಾರೆ. ಇಲ್ಲ, ಕಾಯುವ ಹೊತ್ತು ಅಷ್ಟೇ. ಮಂಗಳೂರು, ಉಡುಪಿ, ಕುಮಟಾ ಕಡೆಯವರು ಕರಾವಳಿ ಬಿಟ್ಟು ಮೇಲೇರುವುದಿಲ್ಲವಾದ್ದರಿಂದ ಶನಿವಾರ ಸಂಜೆಯೇ ಮನೆಗೆ ಹೋಗಬಹುದು. ಹುಬ್ಬಳ್ಳಿ, ಶಿವಮೊಗ್ಗದವರು ದಯವಿಟ್ಟು ಉಳಿಯಿರಿ.

ಎರಡನೆಯದು ಕಲಿಕೆಯ ಮಾತು. ಕೋರ್ಸ್ ಮುಗಿಸಿದಾಗ ಸಿಗುವ ಅಡ್ವಾನ್ಸ್ಡ್ ಕಾರ್ಡ್ ನಿಮ್ಮನ್ನು 18 ಮೀಟರಿನಿಂದ 30 ಮೀಟರ್ ಆಳಕ್ಕೆ ಇಳಿಸುತ್ತದೆ. ಅಲ್ಲಿ ಒತ್ತಡ ನೀರಿನ ಮೇಲಿನದಕ್ಕಿಂತ ನಾಲ್ಕು ಪಟ್ಟು, ಗಾಳಿಯ ಖರ್ಚೂ ನಾಲ್ಕು ಪಟ್ಟು. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಕೆಳಗೆ 80 ಲೀಟರ್ ಎಳೆಯುತ್ತಾರೆ. 11 ಲೀಟರ್ ಸಿಲಿಂಡರಿನಲ್ಲಿ ಗಾಳಿಯ ಒತ್ತಡ 200 ಬಾರ್ ಇದ್ದು, 50 ಬಾರ್ ಮೀಸಲಿಟ್ಟರೆ ಕೈಗೆ ಸಿಗುವುದು 1,650 ಲೀಟರ್. ಅಂದರೆ ಇಪ್ಪತ್ತು ನಿಮಿಷದ ಆಸುಪಾಸು, ಅದರಲ್ಲೇ ಇಳಿಯುವುದೂ ಏರುವುದೂ ಆಗಬೇಕು. ಈ ಲೆಕ್ಕವನ್ನು ಇನ್ನು ಮುಂದೆ ನಮ್ಮ ಇನ್‌ಸ್ಟ್ರಕ್ಟರ್ ಮಾಡಿ ಹೇಳುವುದಿಲ್ಲ. ಹಿಂದಿನ ಸಂಜೆ ನೀವೇ ಪೆನ್ಸಿಲ್ ಹಿಡಿದು, ನಿಮ್ಮದೇ ಉಸಿರಿನ ಅಂಕಿ ಹಾಕಿ ಮಾಡಬೇಕು. ಆಳದ ಡೈವ್ ಶುಕ್ರವಾರ ಬೆಳಗಿನ ಮೊದಲ ಡೈವ್. ಕೆಳಗೆ ಸ್ಲೇಟಿನ ಮೇಲೆ ಸಣ್ಣ ಕೂಡುವ ಲೆಕ್ಕ ಕೊಡುತ್ತೇವೆ. ಬೋಟಿನಲ್ಲಿ ಪಟಪಟನೆ ಬರೆದವರ ಕೈ ಅಲ್ಲಿ ತಡವರಿಸುವುದನ್ನು ನೋಡಿದರೆ ನೈಟ್ರೋಜನ್ನಿನ ಅಮಲು ಏನೆಂದು ಬೇರೆ ಪಾಠ ಬೇಕಾಗುವುದಿಲ್ಲ.

ಐದು ಡೈವ್‌ಗಳಲ್ಲಿ ಆಳ ಮತ್ತು ದಿಕ್ಸೂಚಿ ಕಡ್ಡಾಯ. ಉಳಿದ ಮೂರರಲ್ಲಿ ಒಂದನ್ನು ತೇಲುವ ಹದಕ್ಕೂ (ಮೇಲೇರದೆ, ಮುಳುಗದೆ ನಿಲ್ಲುವುದಕ್ಕೂ) ಸಾಸೇಜ್ ಬಿಡುವುದಕ್ಕೂ ಮೀಸಲಿಟ್ಟಿದ್ದೇವೆ. ಸಾಸೇಜ್ ಎಂದರೆ ಮೇಲೆ ಓಡಾಡುವ ಮೀನುಗಾರಿಕೆ ಬೋಟ್‌ಗಳಿಗೆ ನೀವು ಕೆಳಗಿದ್ದೀರಿ ಎಂದು ತೋರಿಸುವ ಕಿತ್ತಳೆ ಬಣ್ಣದ ಉದ್ದ ಬಲೂನು. 5 ಮೀಟರಿನಲ್ಲಿ ನಿಂತಲ್ಲೇ ನಿಂತು ಅದಕ್ಕೆ ಗಾಳಿ ತುಂಬಿ, ಅದಕ್ಕೆ ಕಟ್ಟಿದ ದಾರದ ರೀಲ್ ಬಿಡಬೇಕು. ಹೊಸಬರು ಕೈಯಲ್ಲಿರುವ ದಾರವನ್ನೇ ನೋಡುತ್ತ ಆಳ ಮರೆಯುತ್ತಾರೆ. ದಾರ ಎಲ್ಲೋ ಸಿಕ್ಕಿಕೊಂಡರೆ ಬಲೂನಿನ ಜೊತೆ ತಾವೂ ಮೇಲೆ! ಆದ್ದರಿಂದ ಇದನ್ನು ಮೊದಲು ಈಜುಕೊಳದಲ್ಲಿ ಮಾಡಿಸಿ, ಆಮೇಲೆಯೇ ಸಮುದ್ರಕ್ಕೆ. ಮಂಡಿಯೂರಿ ಮಾಡಿದ್ದು ಲೆಕ್ಕಕ್ಕಿಲ್ಲ, ತೇಲುತ್ತಲೇ ಮಾಡಬೇಕು.

ಇಷ್ಟನ್ನು ದೊಡ್ಡ ಗುಂಪಿಗೆ ಹೇಳಿಕೊಡಲಾಗದು. ನಿಯಮ ಹೆಚ್ಚು ಜನರಿಗೆ ಅವಕಾಶ ಕೊಟ್ಟರೂ ಒಬ್ಬ ಇನ್‌ಸ್ಟ್ರಕ್ಟರಿಗೆ ನಾಲ್ವರೇ ಎಂದು ನಿಶ್ಚಯಿಸಿದ್ದೇವೆ. ಶುಲ್ಕ ಏರಿರುವುದು ಇದರಿಂದ ಮತ್ತು ಹೆಚ್ಚಿದ ಬೋಟ್ ಬಾಡಿಗೆಯಿಂದ, ದರಪಟ್ಟಿ ಜೊತೆಗಿದೆ.

ಹಳೆಯ ಬ್ಯಾಚಿಗೆ ಮುಂಗಡ ಕೊಟ್ಟವರಿಗೆ ಹಳೆಯ ದರವೇ. ದಿನ ಹೊಂದದಿದ್ದರೆ ಪೂರ್ತಿ ಹಣ ವಾಪಸ್, ಬೇಸರವಿಲ್ಲ. ಆರು ತಿಂಗಳಿಂದ ನೀರಿಗಿಳಿಯದವರು ಬುಧವಾರವೇ ಬಂದು ಈಜುಕೊಳದಲ್ಲಿ ಒಂದು ಸುತ್ತು ಅಭ್ಯಾಸ ಮಾಡಬೇಕು, ಅದಕ್ಕೆ ಶುಲ್ಕವಿಲ್ಲ. ಆರೋಗ್ಯದ ಫಾರ್ಮಿನಲ್ಲಿ ಯಾವುದಕ್ಕಾದರೂ 'ಹೌದು' ಎಂದು ಬರೆಯುವಂತಿದ್ದರೆ ಡಾಕ್ಟರ ಸಹಿ ಊರಿನಲ್ಲೇ ಮಾಡಿಸಿಕೊಂಡು ಬನ್ನಿ. ಇನ್ನೊಂದು ಮಾತು: ನೇತ್ರಾಣಿ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಗುಡ್ಡ. ದಿಕ್ಸೂಚಿ ಹಿಡಿದು ಹೋಗುವಾಗ ತಳದಲ್ಲಿ ಲೋಹದ ಚೂರು ಕಂಡರೆ ಮುಟ್ಟದೆ ಇನ್‌ಸ್ಟ್ರಕ್ಟರಿಗೆ ತೋರಿಸಿ.

ಬ್ಯಾಚಿನ ದಿನಾಂಕ ಬೇಕಾದವರು ಇದೇ ಸಂದೇಶಕ್ಕೆ ಉತ್ತರಿಸಿ; ಡೈವ್‌ಗಳನ್ನು ಬರೆದಿಡುವ ನಿಮ್ಮ ಲಾಗ್‌ಬುಕ್ಕಿನಲ್ಲಿ ಕೊನೆಯದಾಗಿ ಬರೆದ ಪುಟದ ಫೋಟೊ ಜೊತೆಗಿರಲಿ.

ಇತಿ,
ನಿಮ್ಮ ಡೈವ್ ಸೆಂಟರ್ ಬಳಗ
ಮುರುಡೇಶ್ವರ