ಅವತ್ತು ಮಾತ್ರೆ ತಿಳಿಸಿಕೊಟ್ಟ ಸಿಸ್ಟರ್‌ಗೆ

ಕಾರವಾರದಲ್ಲಿ ಅಪ್ಪಯ್ಯನನ್ನು ಡಿಸ್ಚಾರ್ಜ್ ಮಾಡಿದ ದಿನ ನಿಮ್ಮ ಹೆಸರು ಕೇಳುವುದೇ ಮರೆತುಹೋಯ್ತು ಸಿಸ್ಟರ್. 78 ವರ್ಷದ ಮನುಷ್ಯ, ಕೈಯಲ್ಲಿ ಇಂಗ್ಲಿಷ್ ಚೀಟಿ, ಶಿರಸಿ ಬಸ್ಸಿನ ಗಡಿಬಿಡಿ ಬೇರೆ. ನೀವು ನಮ್ಮನ್ನು ಕೂರಿಸಿಕೊಂಡು, ಮನೆಯಿಂದ ತಂದ ಹಳೆ ಮಾತ್ರೆಗಳನ್ನೂ ಚೀಲದಿಂದ ತೆಗೆಸಿ ನೋಡಿದಿರಿ, ಬಿಪಿಯ ಒಂದೇ ಔಷಧ ಎರಡು ಕಂಪನಿ ಹೆಸರಲ್ಲಿ ಇದ್ದದ್ದು ಗೊತ್ತಾಗಿದ್ದೇ ಆಗ. ಎರಡನ್ನೂ ನುಂಗಿದ್ದರೆ ಬಿಪಿ ಜಾಸ್ತಿ ಇಳಿದು ತಲೆ ಸುತ್ತಿ ಬೀಳಬಹುದಿತ್ತು, ಅಲ್ವಾ? ಡಾಕ್ಟರನ್ನು ಕೇಳಿ ಒಂದನ್ನು ಬಿಡಿಸಿದಿರಿ. ಬೆಳಿಗ್ಗೆ, ರಾತ್ರಿ ಅಂತ ಕನ್ನಡದಲ್ಲಿ ಬರೆದುಕೊಟ್ಟು, ಅಪ್ಪಯ್ಯನ ಬಾಯಿಂದಲೇ ತಿರುಗಿ ಹೇಳಿಸಿದಿರಿ. ನನಗೆ ಅದೇ ದೊಡ್ಡದು. ಎಲ್ಲರೂ ಮಕ್ಕಳಿಗೆ ಹೇಳುತ್ತಾರೆ, ನುಂಗುವವರನ್ನು ಯಾರೂ ಕೇಳುವುದಿಲ್ಲ. ನಮ್ಮೂರಿನ ಆಶಾ ಕಾರ್ಯಕರ್ತೆಗೂ ಫೋನ್ ಮಾಡಿದ್ದಿರಂತೆ, ಮೂರನೇ ದಿನ ಅವರು ಮನೆಗೇ ಬಂದು ವಿಚಾರಿಸಿದರು. ಈಗ ಅಪ್ಪಯ್ಯ ತೋಟದವರೆಗೆ ನಡೆಯುತ್ತಾರೆ. ಆ ಚೀಟಿ ಇನ್ನೂ ಅಡುಗೆಮನೆ ಬಾಗಿಲಿಗೆ ಅಂಟಿಕೊಂಡಿದೆ. ತುಂಬಾ ಥ್ಯಾಂಕ್ಸ್ ಸಿಸ್ಟರ್.